ಹಳೆಯ ಗಣಕಯಂತ್ರಗಳಲ್ಲಿ ಲಿನಕ್ಸ್ ಅಳವಡಿಸಿದ ನಂತರ ಸಾಧನಗಳನ್ನು ಕಾರ್ಯಗತಗೊಳಿಸುವ ಕ್ರಮ

(ಗ್ರಾಮ ಪಂಚಾಯತಿ ಕಾರ್ಯಾಲಯ ಹಾಗೂ ಅರಿವು ಕೇಂದ್ರಗಳ ಸಿಬ್ಬಂದಿಗೆ ಅಧ್ಯಯನ ಪಾಠ)

ಪೀಠಿಕೆ

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಅದರ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಕ್ತಾಯಗೊಂಡಿರುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಹಾಗೂ ನಿಗದಿತ ಪಟ್ಟಿಯಲ್ಲಿರುವ ಪ್ರೊಸೆಸರ್ ಅಗತ್ಯವಿರುವುದರಿಂದ, 2017ಕ್ಕಿಂತ ಹಿಂದೆ ತಯಾರಾದ ಬಹುತೇಕ ಗಣಕಯಂತ್ರಗಳು ಅದಕ್ಕೆ ಅರ್ಹವಾಗುವುದಿಲ್ಲ. ಇಂತಹ ಯಂತ್ರಗಳಲ್ಲಿ ಲಿನಕ್ಸ್ ಅಳವಡಿಸಿದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಜನರಿಗೂ, ಶಾಲಾ ಮಕ್ಕಳಿಗೂ, ಅರ್ಜಿ ಬರೆಯಿಸಿಕೊಳ್ಳಲು ಬರುವ ಗ್ರಾಮಸ್ಥರಿಗೂ ಅವು ಇನ್ನೂ ಹಲವು ವರ್ಷ ಉಪಯೋಗಕ್ಕೆ ಬರುತ್ತವೆ. ನೆರೆಯ ಕೇರಳ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ಆಧಾರಿತ ವ್ಯವಸ್ಥೆಯೇ ಅನೇಕ ವರ್ಷಗಳಿಂದ ಬಳಕೆಯಲ್ಲಿದೆ.

ಅಳವಡಿಕೆಯ ಕಾರ್ಯವು ಈಗ ಕಠಿಣವಾಗಿ ಉಳಿದಿಲ್ಲ. ತೊಡಕು ಎದುರಾಗುವುದು ಅದರ ನಂತರ. ಪರದೆ ಬೆಳಗುತ್ತದೆ, ಆದರೆ ವೈ-ಫೈ ಕಾಣಿಸುವುದಿಲ್ಲ. ಪ್ರಿಂಟರ್‌ನ ದೀಪ ಉರಿಯುತ್ತದೆ, ಆದರೆ ಕಾಗದ ಹೊರಬರುವುದಿಲ್ಲ. ಆಗ "ಯಂತ್ರ ಕೆಟ್ಟಿದೆ" ಎಂದೋ, "ಲಿನಕ್ಸ್ ಇದಕ್ಕೆ ಹೊಂದುವುದಿಲ್ಲ" ಎಂದೋ ಷರಾ ಬರೆಯಲಾಗುತ್ತದೆ. ಪರಿಶೀಲಿಸದೆ ಬರೆದ ಇಂತಹ ಒಂದು ಷರಾದಿಂದ ಉಪಯೋಗಕ್ಕೆ ಬರಬಹುದಾದ ಸಾರ್ವಜನಿಕ ಸ್ವತ್ತು ಗುಜರಿಯ ದಾರಿ ಹಿಡಿಯುತ್ತದೆ. ಸಾಧನವು ಕೆಟ್ಟಿದೆಯೋ ಅಥವಾ ಅದಕ್ಕೆ ಬೇಕಾದ ಒಂದು ಕಡತವಷ್ಟೇ ದೊರೆತಿಲ್ಲವೋ ಎಂಬುದನ್ನು ಮೊದಲು ನಿರ್ಣಯಿಸಿ, ನಂತರ ದುರಸ್ತಿ, ಖರೀದಿ ಅಥವಾ ವಿಲೇವಾರಿಯ ವಿಚಾರ ಮಾಡುವ ಕ್ರಮವನ್ನು ಈ ಪಾಠವು ವಿವರಿಸುತ್ತದೆ.

1. ಅಳವಡಿಕೆಗೆ ಮುನ್ನ

ಎಲ್ಲಾ ಯಂತ್ರಗಳೂ ಲಿನಕ್ಸ್‌ಗೆ ಬದಲಾಯಿಸಲು ಯೋಗ್ಯವಲ್ಲ. ಡಿಜಿಟಲ್ ಸಹಿಯ ಟೋಕನ್ ಅಥವಾ ಬೆರಳಚ್ಚು ಸಾಧನವನ್ನು ಬಳಸಿ ಇಲಾಖಾ ತಂತ್ರಾಂಶಗಳಲ್ಲಿ ಕಾರ್ಯನಿರ್ವಹಿಸುವ ಯಂತ್ರವನ್ನು, ಆ ಟೋಕನ್ ಮತ್ತು ಸಾಧನವು ಲಿನಕ್ಸ್‌ನಲ್ಲಿ ನಡೆಯುವುದು ದೃಢಪಡುವವರೆಗೆ ಮುಟ್ಟಬಾರದು. ಸಹಿ ಮಾಡಲಾಗದೆ ಒಂದು ದಿನದ ಕೆಲಸ ನಿಂತರೂ ಅದರ ತೊಂದರೆ ನೇರವಾಗಿ ಸಾರ್ವಜನಿಕರಿಗೆ ತಟ್ಟುತ್ತದೆ. ಅರಿವು ಕೇಂದ್ರದ ಓದುಗರ ಯಂತ್ರ, ಪತ್ರ ವ್ಯವಹಾರದ ಯಂತ್ರ ಮತ್ತು ಬಳಕೆಯಿಲ್ಲದೆ ಉಳಿದಿರುವ ಯಂತ್ರಗಳಿಂದ ಆರಂಭಿಸುವುದು ಸೂಕ್ತ.

ಅಳವಡಿಕೆಯ ಸಮಯದಲ್ಲಿ ಹಾರ್ಡ್ ಡಿಸ್ಕ್‌ನಲ್ಲಿರುವ ಮಾಹಿತಿ ಅಳಿಸಿಹೋಗುವ ಸಂಭವವಿರುತ್ತದೆ. ಆದ್ದರಿಂದ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಅನುಮತಿ ಪಡೆದು, ಎಲ್ಲಾ ಕಡತಗಳ ಪ್ರತಿಯನ್ನು ಬೇರೆ ಡಿಸ್ಕ್‌ಗೆ ವರ್ಗಾಯಿಸಿ, ಆ ಪ್ರತಿಯು ಮತ್ತೊಂದು ಯಂತ್ರದಲ್ಲಿ ತೆರೆಯುವುದನ್ನು ಪರೀಕ್ಷಿಸಿದ ನಂತರವೇ ಮುಂದುವರಿಯತಕ್ಕದ್ದು.

ಬಹುತೇಕ ಲಿನಕ್ಸ್ ಆವೃತ್ತಿಗಳನ್ನು ಅಳವಡಿಸದೆಯೇ ಪೆನ್‌ಡ್ರೈವ್‌ನಿಂದ ನೇರವಾಗಿ ಚಾಲನೆ ಮಾಡಿ ನೋಡಬಹುದು. ಇದನ್ನು ಲೈವ್ ಚಾಲನೆ ಎನ್ನಲಾಗುತ್ತದೆ. ಲೈವ್ ಚಾಲನೆಯಲ್ಲಿ ಪರದೆ, ಧ್ವನಿ, ವೈ-ಫೈ ಮತ್ತು ಕೀಲಿಮಣೆಯನ್ನು ಪರೀಕ್ಷಿಸಿ ಫಲಿತಾಂಶವನ್ನು ಬರೆದಿಟ್ಟುಕೊಂಡಲ್ಲಿ, ಮುಂದೆ ಎದುರಾಗುವ ತೊಡಕುಗಳು ಮೊದಲೇ ತಿಳಿಯುತ್ತವೆ.

ಪ್ರೊಸೆಸರ್ 64 ಬಿಟ್‌ನದೋ 32 ಬಿಟ್‌ನದೋ ಎಂಬುದನ್ನೂ ನೋಡಬೇಕು. ಇಂಟೆಲ್ ಕೋರ್ 2 ಮತ್ತು ಅದರ ನಂತರದ ಕೋರ್ ಶ್ರೇಣಿಯ ಪ್ರೊಸೆಸರ್‌ಗಳು 64 ಬಿಟ್‌ನವು. 2008ರ ಸುಮಾರಿಗೆ ಬಂದ ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿದ್ದ ಆಟಮ್ ಎನ್270 ಪ್ರೊಸೆಸರ್ 32 ಬಿಟ್‌ನದು. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ನೇ ಆವೃತ್ತಿಯು 32 ಬಿಟ್ ಪಿಸಿಗಳಿಗೆ ಅಳವಡಿಕೆಯ ಮಾಧ್ಯಮವನ್ನು ಒದಗಿಸುವುದಿಲ್ಲ. ಅಂತಹ ಯಂತ್ರಗಳಿಗೆ 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯನ್ನು ಬಳಸಬಹುದು.

2. ಸಾಧನವೊಂದು ಕೆಲಸ ಮಾಡಲು ಬೇಕಾದ ಮೂರು ಅಂಶಗಳು

ಲಿನಕ್ಸ್‌ನಲ್ಲಿ ಯಾವುದೇ ಸಾಧನವು ಕಾರ್ಯನಿರ್ವಹಿಸಲು ಮೂರು ಅಂಶಗಳು ಒಟ್ಟಾಗಬೇಕು.

ಮೊದಲನೆಯದು ಡ್ರೈವರ್, ಅಂದರೆ ಚಾಲಕ ತಂತ್ರಾಂಶ. ವಿಂಡೋಸ್‌ನಲ್ಲಿ ಇದು ಸಾಮಾನ್ಯವಾಗಿ ತಯಾರಕರು ನೀಡುವ ಸಿ.ಡಿ.ಯಲ್ಲಿ ಬರುತ್ತಿತ್ತು. ಲಿನಕ್ಸ್‌ನಲ್ಲಿ ಬಹುತೇಕ ಡ್ರೈವರ್‌ಗಳು ವ್ಯವಸ್ಥೆಯ ತಿರುಳಾದ ಕರ್ನಲ್‌ನೊಂದಿಗೇ ಬರುತ್ತವೆ. ಹಳೆಯ ಸಾಧನಗಳಿಗೆ ಇದೊಂದು ಅನುಕೂಲ. ತಯಾರಕರು ಕೈಬಿಟ್ಟ ಸಾಧನಗಳ ಡ್ರೈವರ್ ಕೂಡ ಕರ್ನಲ್‌ನಲ್ಲಿ ವರ್ಷಗಟ್ಟಲೆ ಉಳಿದುಕೊಂಡಿರುತ್ತದೆ.

ಎರಡನೆಯದು ಫರ್ಮ್‌ವೇರ್. ಇದು ಸಾಧನದೊಳಗಿನ ಚಿಪ್‌ನಲ್ಲಿಯೇ ನಡೆಯುವ ಸಣ್ಣ ತಂತ್ರಾಂಶ. ಕೆಲವು ಸಾಧನಗಳಲ್ಲಿ ಇದು ಶಾಶ್ವತವಾಗಿ ಇರುತ್ತದೆ. ಇನ್ನು ಕೆಲವಕ್ಕೆ ಪ್ರತಿ ಬಾರಿ ವಿದ್ಯುತ್ ಕೊಟ್ಟಾಗಲೂ ಗಣಕಯಂತ್ರವೇ ಇದನ್ನು ಕಳುಹಿಸಬೇಕು. ಫರ್ಮ್‌ವೇರ್ ಕಡತಗಳ ಹಕ್ಕು ತಯಾರಕರದ್ದಾಗಿರುವ ಕಾರಣ ಹಲವು ಲಿನಕ್ಸ್ ಆವೃತ್ತಿಗಳು ಅವನ್ನು ಹಿಂದೆ ಪ್ರತ್ಯೇಕವಾಗಿ ಇಡುತ್ತಿದ್ದವು. ಡೆಬಿಯನ್ 12ನೇ ಆವೃತ್ತಿಯಿಂದ ಅಧಿಕೃತ ಅಳವಡಿಕೆ ಮಾಧ್ಯಮದಲ್ಲಿಯೇ ಅವುಗಳನ್ನು ಸೇರಿಸಲಾಗಿದೆ. ಆದ್ದರಿಂದ ಹಳೆಯ ಯಂತ್ರಕ್ಕೂ ಹೊಸ ಅಳವಡಿಕೆ ಮಾಧ್ಯಮವನ್ನೇ ಬಳಸುವುದು ಉತ್ತಮ.

ಮೂರನೆಯದು ಸಂಯೋಜನೆ. ಡ್ರೈವರ್ ಮತ್ತು ಫರ್ಮ್‌ವೇರ್ ಎರಡೂ ಇದ್ದು, ಸ್ವಿಚ್ ಆಫ್ ಆಗಿರುವುದು, ಬಳಕೆದಾರರಿಗೆ ಅನುಮತಿ ಇಲ್ಲದಿರುವುದು, ಪ್ರಿಂಟರ್‌ನ ಮಾದರಿಯನ್ನು ತಪ್ಪಾಗಿ ಆರಿಸಿರುವುದು ಇವೆಲ್ಲ ಸಂಯೋಜನೆಯ ದೋಷಗಳು.

ಯಾವುದೇ ಸಾಧನ ನಡೆಯದಿದ್ದಾಗ ಈ ಮೂರರಲ್ಲಿ ಯಾವುದು ಕೊರತೆಯಾಗಿದೆ ಎಂದು ಕೇಳಿಕೊಳ್ಳಬೇಕು. ಮೂರೂ ಸರಿಯಿದ್ದು ಸಾಧನ ನಡೆಯದಿದ್ದರೆ ಮಾತ್ರ ಯಂತ್ರಾಂಶ ಕೆಟ್ಟಿರುವ ಸಾಧ್ಯತೆಯನ್ನು ಪರಿಗಣಿಸಬೇಕು.

3. ಸಾಧನದ ಗುರುತು ಪತ್ತೆ

ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಿ ಪರಿಹಾರ ಹುಡುಕುವುದರಿಂದ ಸಮಯ ವ್ಯರ್ಥವಾಗುತ್ತದೆ. ಒಂದೇ ಮಾದರಿಯ ಲ್ಯಾಪ್‌ಟಾಪ್‌ನಲ್ಲಿ ಬೇರೆ ಬೇರೆ ತಯಾರಕರ ವೈ-ಫೈ ಚಿಪ್ ಇರಬಹುದು. ಪ್ರತಿಯೊಂದು ಸಾಧನಕ್ಕೂ ತಯಾರಕರ ಸಂಖ್ಯೆ ಹಾಗೂ ಮಾದರಿಯ ಸಂಖ್ಯೆ ಎಂಬ ಎರಡು ಭಾಗದ ಗುರುತು ಇರುತ್ತದೆ. ಇಂಟೆಲ್‌ನ ತಯಾರಕ ಸಂಖ್ಯೆ 8086, ಬ್ರಾಡ್‌ಕಾಮ್‌ನದು 14ಇ4, ರಿಯಲ್‌ಟೆಕ್‌ನದು 10ಇಸಿ.

ಗುರುತನ್ನು ತಿಳಿಯಲು ಟರ್ಮಿನಲ್‌ನಲ್ಲಿ ಮೂರು ಆಜ್ಞೆಗಳು ಸಾಕು. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿರುವ ಆಜ್ಞೆಗಳನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ, ಅಕ್ಷರಗಳ ನಡುವೆ ಗೆರೆಯಿಲ್ಲದೆ ಟೈಪ್ ಮಾಡತಕ್ಕದ್ದು.

• ಎಲ್-ಎಸ್-ಪಿ-ಸಿ-ಐ: ಯಂತ್ರದ ಒಳಗಿನ ಕಾರ್ಡ್‌ಗಳ ಪಟ್ಟಿಯನ್ನು ತೋರಿಸುತ್ತದೆ. ಇದರ ನಂತರ ಒಂದು ಖಾಲಿ ಸ್ಥಳ ಬಿಟ್ಟು, ಅಡ್ಡಗೆರೆ ಹಾಕಿ, ಎನ್, ಎನ್, ಕೆ ಎಂಬ ಮೂರು ಅಕ್ಷರಗಳನ್ನು ಸೇರಿಸಿದರೆ ಗುರುತಿನ ಸಂಖ್ಯೆಯೂ, ಬಳಕೆಯಲ್ಲಿರುವ ಡ್ರೈವರ್‌ನ ಹೆಸರೂ ಕಾಣುತ್ತವೆ. ಸಾಧನದ ಹೆಸರಿನ ಕೆಳಗೆ ಬಳಕೆಯಲ್ಲಿರುವ ಡ್ರೈವರ್‌ನ ಸಾಲು ಇಲ್ಲದಿದ್ದರೆ ಮೊದಲ ಅಂಶವೇ ಕೊರತೆಯಾಗಿದೆ ಎಂದರ್ಥ.

• ಎಲ್-ಎಸ್-ಯು-ಎಸ್-ಬಿ: ಯುಎಸ್‌ಬಿ ಮೂಲಕ ಜೋಡಿಸಿದ ಪ್ರಿಂಟರ್, ಸ್ಕ್ಯಾನರ್, ಡಾಂಗಲ್‌ಗಳ ಪಟ್ಟಿ. ಜೋಡಿಸುವ ಮೊದಲೊಮ್ಮೆ, ಜೋಡಿಸಿದ ನಂತರ ಇನ್ನೊಮ್ಮೆ ಚಲಾಯಿಸಿ ಹೋಲಿಸಬೇಕು. ಹೊಸ ಸಾಲು ಬಾರದಿದ್ದರೆ ಕೇಬಲ್, ಪೋರ್ಟ್ ಅಥವಾ ವಿದ್ಯುತ್ ಪೂರೈಕೆಯನ್ನು ಪರಿಶೀಲಿಸಬೇಕು. ಡ್ರೈವರ್ ಹುಡುಕಿ ಪ್ರಯೋಜನವಿಲ್ಲ.

• ಡಿ-ಎಂ-ಇ-ಎಸ್-ಜಿ: ಕರ್ನಲ್ ಬರೆದಿಟ್ಟ ದಿನಚರಿ. ಇದನ್ನು ನೋಡಲು ಆಡಳಿತಾಧಿಕಾರವುಳ್ಳ ಬಳಕೆದಾರರಾಗಿರಬೇಕು. ಇದರಲ್ಲಿ ಫರ್ಮ್‌ವೇರ್ ಎಂಬ ಪದದ ಜೊತೆಗೆ ಮೈನಸ್ 2 ಎಂಬ ದೋಷ ಸಂಖ್ಯೆ ಕಂಡುಬಂದಲ್ಲಿ, ಡ್ರೈವರ್ ಕೇಳಿದ ಕಡತವು ಡಿಸ್ಕ್‌ನಲ್ಲಿ ಸಿಗಲಿಲ್ಲವೆಂದು ತಿಳಿಯಬೇಕು. ಅದೇ ಸಾಲಿನಲ್ಲಿ ಆ ಕಡತದ ಹೆಸರೂ ಇರುತ್ತದೆ. ಹೆಸರು ತಿಳಿದ ಮೇಲೆ ಅದನ್ನು ಒದಗಿಸುವ ಪ್ಯಾಕೇಜನ್ನು ಹುಡುಕುವುದು ಸುಲಭ.

4. ಅಂತರ್ಜಾಲ ಸಂಪರ್ಕ

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈ ಕಾಣದಿರುವುದು ಸಾಮಾನ್ಯ ದೂರು. ಮೊದಲು ಆರ್-ಎಫ್-ಕಿಲ್ ಎಂಬ ಆಜ್ಞೆಯನ್ನು ಚಲಾಯಿಸಬೇಕು. ಅದು ವೈ-ಫೈಗೆ ತಡೆ ಇದೆಯೇ ಎಂಬುದನ್ನು ಎರಡು ಬಗೆಯಲ್ಲಿ ತಿಳಿಸುತ್ತದೆ. ತಂತ್ರಾಂಶದ ತಡೆಯನ್ನು ಅದೇ ಆಜ್ಞೆಯಿಂದ ತೆಗೆಯಬಹುದು. ಯಂತ್ರಾಂಶದ ತಡೆಯಿದ್ದಲ್ಲಿ ಲ್ಯಾಪ್‌ಟಾಪ್‌ನ ಅಂಚಿನಲ್ಲಿರುವ ಸಣ್ಣ ಸ್ವಿಚ್ಚನ್ನೋ, ವೈ-ಫೈ ಚಿಹ್ನೆಯಿರುವ ಕೀಲಿಯನ್ನೋ ಒತ್ತಬೇಕು. ಕೆಟ್ಟಿದೆಯೆಂದು ಬದಿಗಿಟ್ಟ ಲ್ಯಾಪ್‌ಟಾಪ್‌ನಲ್ಲಿ ಆ ಸ್ವಿಚ್ ಮಾತ್ರವೇ ಆಫ್ ಆಗಿರುವುದೂ ಉಂಟು.

ತಡೆ ಇಲ್ಲದಿದ್ದರೆ ಫರ್ಮ್‌ವೇರ್‌ನ ವಿಚಾರ ಬರುತ್ತದೆ. ಇಂಟೆಲ್, ರಿಯಲ್‌ಟೆಕ್ ಮತ್ತು ಅಥೆರೋಸ್ ಚಿಪ್‌ಗಳ ಫರ್ಮ್‌ವೇರ್ ಪ್ಯಾಕೇಜ್‌ಗಳು ನೇರವಾಗಿ ದೊರೆಯುತ್ತವೆ. ಬ್ರಾಡ್‌ಕಾಮ್‌ನ ಬಿಸಿಎಂ4312ರಂತಹ ಹಳೆಯ ಚಿಪ್‌ಗಳಿಗೆ ಬಿ43 ಎಂಬ ಡ್ರೈವರ್ ಕರ್ನಲ್‌ನಲ್ಲಿದೆ. ಆದರೆ ಅದರ ಫರ್ಮ್‌ವೇರನ್ನು ವಿತರಿಸಲು ಅನುಮತಿ ಇಲ್ಲದ ಕಾರಣ, ಅದರ ಅಳವಡಿಕೆ ಪ್ಯಾಕೇಜು ಅಂತರ್ಜಾಲದಿಂದ ಅದನ್ನು ಇಳಿಸಿಕೊಳ್ಳುತ್ತದೆ. ವೈ-ಫೈ ನಡೆಯಲು ಅಂತರ್ಜಾಲ ಬೇಕು, ಅಂತರ್ಜಾಲಕ್ಕೆ ವೈ-ಫೈ ಬೇಕು ಎಂಬ ಸ್ಥಿತಿ ಇಲ್ಲಿ ಉಂಟಾಗುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಕಾರ್ಯಾಲಯದ ಮೋಡೆಮ್‌ನಿಂದ ನೆಟ್‌ವರ್ಕ್ ಕೇಬಲನ್ನು ನೇರವಾಗಿ ಜೋಡಿಸುವುದು ಒಂದು. ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆರಂಭಿಸುವುದು ಮತ್ತೊಂದು. ಲಿನಕ್ಸ್ ಆ ಮೊಬೈಲನ್ನು ಸಾಮಾನ್ಯ ನೆಟ್‌ವರ್ಕ್ ಕಾರ್ಡ್ ಎಂದೇ ಗುರುತಿಸುವುದರಿಂದ ಬೇರೆ ಡ್ರೈವರ್ ಬೇಕಾಗುವುದಿಲ್ಲ.

ಬ್ರಾಡ್‌ಕಾಮ್ ಚಿಪ್‌ಗಳಿಗೆ ಡಬ್ಲ್ಯುಎಲ್ ಎಂಬ ಇನ್ನೊಂದು ಡ್ರೈವರೂ ಇದೆ. ಎರಡನ್ನೂ ಒಟ್ಟಿಗೆ ಅಳವಡಿಸಿದರೆ ಒಂದು ಇನ್ನೊಂದಕ್ಕೆ ಅಡ್ಡಿಯಾಗುತ್ತದೆ. ಒಂದನ್ನು ತೆಗೆದ ನಂತರವೇ ಮತ್ತೊಂದನ್ನು ಪ್ರಯತ್ನಿಸತಕ್ಕದ್ದು.

5. ಗಡಿಯಾರ ಮತ್ತು ಪರದೆ

ಅಂತರ್ಜಾಲ ಸಂಪರ್ಕವಿದ್ದರೂ ಜಾಲತಾಣಗಳು "ಸುರಕ್ಷಿತವಲ್ಲ" ಎಂದು ತೋರಿಸುವುದು, ತಂತ್ರಾಂಶ ನವೀಕರಣವು ಮಧ್ಯದಲ್ಲೇ ನಿಲ್ಲುವುದು ಹಳೆಯ ಯಂತ್ರಗಳಲ್ಲಿ ಕಂಡುಬರುತ್ತದೆ. ಇಂತಹ ಸಂದರ್ಭದಲ್ಲಿ ಪರದೆಯ ಮೂಲೆಯ ದಿನಾಂಕವನ್ನು ನೋಡಬೇಕು. ಮದರ್‌ಬೋರ್ಡ್‌ನಲ್ಲಿರುವ ಸಿಆರ್2032 ಎಂಬ 3 ವೋಲ್ಟ್‌ನ ಗುಂಡಿ ಬ್ಯಾಟರಿ ಖಾಲಿಯಾಗಿದ್ದರೆ, ವಿದ್ಯುತ್ ಹೋದಾಗಲೆಲ್ಲ ದಿನಾಂಕವು ಹಿಂದಿನ ಯಾವುದೋ ವರ್ಷಕ್ಕೆ ಮರಳುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ನಿಗದಿತ ಅವಧಿಗೆ ಮಾತ್ರ ಸಿಂಧುವಾಗಿರುವುದರಿಂದ, ತಪ್ಪು ದಿನಾಂಕವಿರುವ ಯಂತ್ರವು ಅವನ್ನು ತಿರಸ್ಕರಿಸುತ್ತದೆ. ಗಡಿಯಾರದ ಅಂಗಡಿಯಲ್ಲಿಯೂ ದೊರೆಯುವ ಈ ಬ್ಯಾಟರಿಯನ್ನು ಬದಲಾಯಿಸಿದರೆ ಸಮಸ್ಯೆ ನೀಗುತ್ತದೆ.

ಅಳವಡಿಕೆಯ ನಂತರ ಪರದೆ ಪೂರ್ಣ ಕಪ್ಪಾದಲ್ಲಿ, ಆರಂಭದ ಪಟ್ಟಿಯಲ್ಲಿ ಇ ಅಕ್ಷರವನ್ನು ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂಬ ಪದವನ್ನು ಇಂಗ್ಲಿಷ್‌ನಲ್ಲಿ ಸೇರಿಸಿ ಚಾಲನೆ ಮಾಡಬಹುದು. ಇದು ತಾತ್ಕಾಲಿಕ ಕ್ರಮ ಮಾತ್ರ. ಒಳಪ್ರವೇಶ ದೊರೆತ ನಂತರ ಗ್ರಾಫಿಕ್ಸ್ ಫರ್ಮ್‌ವೇರ್ ಅಳವಡಿಸಿ, ಆ ಪದವಿಲ್ಲದೆಯೇ ಚಾಲನೆಯಾಗುವಂತೆ ಮಾಡಬೇಕು. ಅಕ್ಷರಗಳು ದಪ್ಪವಾಗಿ, 1024 × 768ಕ್ಕಿಂತ ಹೆಚ್ಚಿನ ವಿವರ ದೊರೆಯದಿದ್ದಲ್ಲಿ ಮೊದಲು ಮಾನಿಟರ್‌ನ ವಿಜಿಎ ಕೇಬಲನ್ನು ಬದಲಾಯಿಸಿ ನೋಡಬೇಕು. ಮಾನಿಟರ್ ತನ್ನ ಅಳತೆಯನ್ನು ಆ ಕೇಬಲ್‌ನ ಮೂಲಕವೇ ಯಂತ್ರಕ್ಕೆ ತಿಳಿಸುತ್ತದೆ. ಕೇಬಲ್‌ನ ಒಂದು ತಂತಿ ಕಡಿದಿದ್ದರೂ ಆ ಮಾಹಿತಿ ತಲುಪುವುದಿಲ್ಲ.

6. ಪ್ರಿಂಟರ್ ಮತ್ತು ಸ್ಕ್ಯಾನರ್

ಪ್ರಿಂಟರ್‌ಗಳಲ್ಲಿ ಎರಡು ಬಗೆ. ಪುಟವನ್ನು ತಾನೇ ರೂಪಿಸಿಕೊಳ್ಳುವ ಪ್ರಿಂಟರ್‌ಗಳು ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಭಾಷೆಯನ್ನು ಬಲ್ಲವು. ಇವು ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್‌ನಲ್ಲಿ ತೊಂದರೆಯಿಲ್ಲದೆ ನಡೆಯುತ್ತವೆ. ಎರಡನೆಯ ಬಗೆಯ ಅಗ್ಗದ ಪ್ರಿಂಟರ್‌ಗಳಲ್ಲಿ ಪುಟವನ್ನು ರೂಪಿಸುವ ಕೆಲಸವನ್ನು ಗಣಕಯಂತ್ರವೇ ಮಾಡಬೇಕು. ಕಾರ್ಯಾಲಯಗಳಲ್ಲಿ ವ್ಯಾಪಕವಾಗಿರುವ ಎಚ್‌ಪಿ ಲೇಸರ್‌ಜೆಟ್ 1020 ಮತ್ತು ಕ್ಯಾನನ್ ಎಲ್‌ಬಿಪಿ2900 ಎರಡೂ ಈ ಬಗೆಯವು.

ಎಚ್‌ಪಿ 1020ಕ್ಕೆ ಪ್ರತಿ ಬಾರಿ ಸ್ವಿಚ್ ಹಾಕಿದಾಗಲೂ ಗಣಕಯಂತ್ರದಿಂದ ಫರ್ಮ್‌ವೇರ್ ಹೋಗಬೇಕು. ಎಚ್‌ಪಿಲಿಪ್ ಎಂಬ ತಂತ್ರಾಂಶವನ್ನು ಅಳವಡಿಸಿ, ಎಚ್‌ಪಿ-ಪ್ಲಗಿನ್ ಎಂಬ ಆಜ್ಞೆಯ ಮೂಲಕ ಅದರ ಪೂರಕ ಕಡತವನ್ನು ಪಡೆಯಬೇಕು. ಈ ಪೂರಕ ಕಡತದ ಆವೃತ್ತಿಯು ಎಚ್‌ಪಿಲಿಪ್‌ನ ಆವೃತ್ತಿಗೆ ಸರಿಹೊಂದಬೇಕು. ಆದ್ದರಿಂದ ಚೆನ್ನಾಗಿ ನಡೆಯುತ್ತಿದ್ದ ಪ್ರಿಂಟರ್, ವ್ಯವಸ್ಥೆಯ ನವೀಕರಣದ ಮರುದಿನ ಮೌನವಾದರೆ, ಅದೇ ಆಜ್ಞೆಯನ್ನು ಮತ್ತೊಮ್ಮೆ ಚಲಾಯಿಸಬೇಕು. ಟೋನರ್ ಅಥವಾ ಪ್ರಿಂಟರ್ ಬದಲಾಯಿಸುವ ಪ್ರಸ್ತಾವನೆ ಆ ಪರೀಕ್ಷೆಗೆ ಮೊದಲು ಸಲ್ಲದು.

ಕ್ಯಾನನ್ ಎಲ್‌ಬಿಪಿ2900 ಕ್ಯಾಪ್ಟ್ ಎಂಬ ತಯಾರಕರ ಸ್ವಂತ ಭಾಷೆಯನ್ನು ಮಾತ್ರ ಬಲ್ಲದು. ಇದಕ್ಕೆ ಲಿನಕ್ಸ್ ಡ್ರೈವರ್ ಇದ್ದರೂ, ಹಳೆಯ 32 ಬಿಟ್ ಪೂರಕ ಕಡತಗಳನ್ನು ಅವಲಂಬಿಸಿರುವುದರಿಂದ ಅಳವಡಿಕೆ ಶ್ರಮದಾಯಕ. ಈ ಪ್ರಿಂಟರ್ ಇರುವ ಕಡೆ ಅದನ್ನು ವಿಂಡೋಸ್‌ನಲ್ಲೇ ಉಳಿಸಿಕೊಂಡ ಯಂತ್ರಕ್ಕೆ ಜೋಡಿಸಿ, ಲಿನಕ್ಸ್ ಯಂತ್ರದಿಂದ ಪಿಡಿಎಫ್ ಕಡತವನ್ನು ಅಲ್ಲಿಗೆ ಒಯ್ದು ಮುದ್ರಿಸುವುದೇ ಸರಳ ಮಾರ್ಗ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳು ಹೆಚ್ಚಾಗಿ ಎಪ್ಸನ್‌ನ ಆಜ್ಞಾ ಕ್ರಮವನ್ನೇ ಅನುಸರಿಸುತ್ತವೆ. ಪಟ್ಟಿಯಲ್ಲಿ ಪ್ರಿಂಟರ್‌ನ ಹೆಸರು ಇಲ್ಲದಿದ್ದರೂ, ಪಿನ್‌ಗಳ ಸಂಖ್ಯೆಗೆ ಅನುಗುಣವಾಗಿ ಎಪ್ಸನ್ 9 ಪಿನ್ ಅಥವಾ 24 ಪಿನ್ ಎಂಬುದನ್ನು ಆರಿಸಿ ಪರೀಕ್ಷಿಸಬಹುದು.

ಸ್ಕ್ಯಾನರ್‌ಗಳನ್ನು ಸೇನ್ ಎಂಬ ವ್ಯವಸ್ಥೆ ನಿರ್ವಹಿಸುತ್ತದೆ. ಕ್ಯಾನನ್ ಲೈಡ್ 110ರಂತಹ ಸ್ಕ್ಯಾನರ್‌ಗಳು ಇದರಲ್ಲಿ ಹೆಚ್ಚುವರಿ ಡ್ರೈವರ್ ಇಲ್ಲದೆ ನಡೆಯುತ್ತವೆ. ಆಡಳಿತಾಧಿಕಾರವುಳ್ಳ ಬಳಕೆದಾರರಿಗೆ ಸ್ಕ್ಯಾನರ್ ಕಂಡು, ಸಾಮಾನ್ಯ ಬಳಕೆದಾರರಿಗೆ ಕಾಣದಿದ್ದರೆ ಅದು ಅನುಮತಿಯ ದೋಷ. ಆ ಬಳಕೆದಾರರನ್ನು ಸ್ಕ್ಯಾನರ್ ಗುಂಪಿಗೆ ಸೇರಿಸಿ, ಒಮ್ಮೆ ಹೊರಬಂದು ಮತ್ತೆ ಒಳಪ್ರವೇಶಿಸಬೇಕು.

7. ಕನ್ನಡ ಕೀಲಿಮಣೆ

ಕನ್ನಡ ಟೈಪ್ ಮಾಡಲಾಗದ ಯಂತ್ರವು ಕಾರ್ಯಾಲಯಕ್ಕೆ ಉಪಯೋಗವಿಲ್ಲ. ಲಿನಕ್ಸ್‌ನ ಕೀಲಿಮಣೆ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ವಿನ್ಯಾಸವು ಲಭ್ಯವಿದೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರು ಅದೇ ಅಭ್ಯಾಸವನ್ನು ಮುಂದುವರಿಸಬಹುದು. ಅಕ್ಷರಗಳು ಚೌಕಗಳಾಗಿ ಕಂಡಲ್ಲಿ ಲೋಹಿತ್, ನವಿಲು ಅಥವಾ ಗುಬ್ಬಿ ಫಾಂಟ್ ಅಳವಡಿಸಬೇಕು. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಸಿದ್ಧಪಡಿಸಿದ ಕಡತಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಕಡತವು ಕೆಟ್ಟಿದೆಯೆಂದು ಭಾವಿಸಿ ಅಳಿಸಬಾರದು. ಪರಿವರ್ತಕದ ಮೂಲಕ ಅದನ್ನು ಯುನಿಕೋಡ್‌ಗೆ ಬದಲಾಯಿಸಿ, ಮೂಲ ಪ್ರತಿಯನ್ನೂ ಉಳಿಸಿಕೊಳ್ಳತಕ್ಕದ್ದು.

8. ವೇಗದ ಸುಧಾರಣೆ

ಎಲ್ಲಾ ಸಾಧನಗಳು ನಡೆದರೂ ಯಂತ್ರವು ನಿಧಾನವಾಗಿದ್ದರೆ ಬಳಕೆದಾರರು ಅದರ ಬಳಿ ಬರುವುದಿಲ್ಲ. 2 ಜಿಬಿ ಮೆಮೊರಿಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿಯಂತಹ ಹಗುರ ಪರದೆ ವಾತಾವರಣ ಸೂಕ್ತ. ಇಲ್ಲಿ ಹೆಚ್ಚು ಮೆಮೊರಿಯನ್ನು ಬಳಸುವುದು ಬ್ರೌಸರ್. ಓದುಗರಿಗೆ ಒಂದೇ ಬಾರಿಗೆ ಹಲವು ಪುಟಗಳನ್ನು ತೆರೆಯದಂತೆ ತಿಳಿಸಬೇಕು. ಅನುದಾನ ಲಭ್ಯವಿದ್ದಲ್ಲಿ ಮೊದಲು ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ, ಅನಂತರ 4 ಜಿಬಿಗೆ ಮೆಮೊರಿ ಹೆಚ್ಚಳ, ಈ ಕ್ರಮದಲ್ಲಿ ವೆಚ್ಚ ಮಾಡುವುದರಿಂದ ಹೆಚ್ಚಿನ ಪ್ರಯೋಜನ ದೊರೆಯುತ್ತದೆ.

9. ದಾಖಲೆ ಮತ್ತು ವಿಲೇವಾರಿ

ಪ್ರತಿಯೊಂದು ಯಂತ್ರಕ್ಕೂ ಒಂದು ಪುಟದ ದಾಖಲೆ ಇಡತಕ್ಕದ್ದು. ಅದರಲ್ಲಿ ದಾಸ್ತಾನು ವಹಿಯ ಕ್ರಮ ಸಂಖ್ಯೆ, ಲಿನಕ್ಸ್ ಆವೃತ್ತಿ, ಪ್ರತಿ ಸಾಧನದ ಗುರುತಿನ ಸಂಖ್ಯೆ, ಅಳವಡಿಸಿದ ಪ್ಯಾಕೇಜ್‌ನ ಹೆಸರು ಮತ್ತು ದಿನಾಂಕ ಇರಬೇಕು. ಸಿಬ್ಬಂದಿ ವರ್ಗಾವಣೆಯಾದಾಗ ಮುಂದಿನವರು ಅದೇ ಹುಡುಕಾಟವನ್ನು ಮೊದಲಿನಿಂದ ಆರಂಭಿಸುವುದು ಇದರಿಂದ ತಪ್ಪುತ್ತದೆ.

ಕೆಲವು ಯಂತ್ರಗಳು ಎಲ್ಲಾ ಪ್ರಯತ್ನದ ನಂತರವೂ ಉಪಯೋಗಕ್ಕೆ ಬರುವುದಿಲ್ಲ. ಉಬ್ಬಿದ ಕೆಪಾಸಿಟರ್‌ಗಳಿರುವ ಮದರ್‌ಬೋರ್ಡ್, ಪದೇ ಪದೇ ಓದುವ ದೋಷ ತೋರಿಸುವ ಡಿಸ್ಕ್, ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿ ಇವುಗಳಿಗೆ ತಂತ್ರಾಂಶದಲ್ಲಿ ಪರಿಹಾರವಿಲ್ಲ. ಉಬ್ಬಿದ ಬ್ಯಾಟರಿಯನ್ನು ಬಳಸುವುದು ಅಪಾಯಕಾರಿ. ಅದನ್ನು ಚುಚ್ಚದೆ, ಒತ್ತದೆ, ಕೂಡಲೇ ಪ್ರತ್ಯೇಕಿಸಿ ಇಡತಕ್ಕದ್ದು. ಇಂತಹ ಯಂತ್ರದ ಮೆಮೊರಿ, ಕೀಲಿಮಣೆ, ಕೇಬಲ್‌ಗಳು ಇನ್ನೊಂದು ಯಂತ್ರಕ್ಕೆ ಉಪಯೋಗವಾಗುತ್ತವೆಯೇ ಎಂದು ನೋಡಿ, ಡಿಸ್ಕ್‌ನಲ್ಲಿರುವ ಮಾಹಿತಿಯನ್ನು ಪೂರ್ಣವಾಗಿ ಅಳಿಸಿದ ನಂತರ ವಿಲೇವಾರಿಗೆ ಕ್ರಮವಹಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಆಶಯದಂತೆ ಇ-ತ್ಯಾಜ್ಯವನ್ನು ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸತಕ್ಕದ್ದು; ಸಾಮಾನ್ಯ ಗುಜರಿಗೆ ನೀಡಬಾರದು.

ನಿರುಪಯುಕ್ತವೆಂಬ ಷರಾ ಬರೆಯುವ ಮುನ್ನ ಡ್ರೈವರ್, ಫರ್ಮ್‌ವೇರ್ ಮತ್ತು ಸಂಯೋಜನೆಯ ಪರೀಕ್ಷೆ ನಡೆದಿದೆ ಎಂಬುದು ಯಂತ್ರದ ದಾಖಲೆಯಿಂದ ತಿಳಿದುಬರಬೇಕು. ಪರೀಕ್ಷೆಯ ವಿವರವಿಲ್ಲದ ಷರಾವನ್ನು ಅಂತಿಮವೆಂದು ಪರಿಗಣಿಸದೆ, ಯಂತ್ರವನ್ನು ಮರುಪರೀಕ್ಷೆಗೆ ಒಳಪಡಿಸುವುದು ಸೂಕ್ತ.

ಅಭ್ಯಾಸ

1. ಕಾರ್ಯಾಲಯದ ಒಂದು ಲಿನಕ್ಸ್ ಯಂತ್ರದಲ್ಲಿ ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ ಮತ್ತು ಬಳಕೆಯಲ್ಲಿರುವ ಡ್ರೈವರ್‌ನ ಹೆಸರನ್ನು ಪತ್ತೆ ಮಾಡಿ ಬರೆಯಿರಿ.

2. ಯುಎಸ್‌ಬಿ ಪ್ರಿಂಟರ್ ಜೋಡಿಸಿದರೂ ಸಾಧನಗಳ ಪಟ್ಟಿಯಲ್ಲಿ ಹೊಸ ಸಾಲು ಬಾರದಿದ್ದರೆ ಮೊದಲು ಪರಿಶೀಲಿಸಬೇಕಾದುದೇನು? ಕಾರಣ ಸಹಿತ ತಿಳಿಸಿರಿ.

3. ವೈ-ಫೈ ಇಲ್ಲದ ಲ್ಯಾಪ್‌ಟಾಪ್‌ಗೆ ಮೊಬೈಲ್ ಮೂಲಕ ತಾತ್ಕಾಲಿಕ ಅಂತರ್ಜಾಲ ಒದಗಿಸುವುದನ್ನು ಸಹೋದ್ಯೋಗಿಗಳ ಮುಂದೆ ಪ್ರಾಯೋಗಿಕವಾಗಿ ಮಾಡಿ ತೋರಿಸಿರಿ.

4. ಬಳಕೆಯಿಲ್ಲದೆ ಉಳಿದಿರುವ ಒಂದು ಯಂತ್ರವನ್ನು ಲೈವ್ ಚಾಲನೆಯಲ್ಲಿ ಪರೀಕ್ಷಿಸಿ, ಯಾವ ಸಾಧನಕ್ಕೆ ಮೂರು ಅಂಶಗಳಲ್ಲಿ ಯಾವುದರ ಕೊರತೆ ಇದೆ ಎಂಬುದನ್ನು ಒಂದು ಪುಟದಲ್ಲಿ ದಾಖಲಿಸಿರಿ.